ಕ್ರೂಸ್ ಹಡಗಿನಲ್ಲಿ ಮಧ್ಯಾಹ್ನದ ಟೀ: ಬಫೆಯ ಟೀ ಯಾಕೆ ಸಪ್ಪೆ, ಒಳ್ಳೆಯದು ಸಿಗಬೇಕಾದರೆ ಏನು ಮಾಡಬೇಕು?

ದೂರತೀರ (ಪ್ರಶ್ನೆ)

ಎರಡು ಪ್ರಯಾಣ ಬುಕ್ ಆಗಿವೆ. ಮೊದಲನೆಯದು ಕ್ವೀನ್ ಮೇರಿ 2 ಹಡಗಿನಲ್ಲಿ ನ್ಯೂಯಾರ್ಕ್‌ನಿಂದ ಸೌತಾಂಪ್ಟನ್‌ಗೆ, 7 ರಾತ್ರಿ. ಎರಡನೆಯದು ಬೇರೊಂದು ಕಂಪನಿಯ ದೊಡ್ಡ ಹಡಗಿನಲ್ಲಿ, 10 ರಾತ್ರಿ. ಟೀ ವಿಷಯದಲ್ಲಿ ತಿಳಿದವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಬಫೆಯಲ್ಲಿ ಟೀ ಬ್ಯಾಗನ್ನು ಎಷ್ಟು ಹೊತ್ತು ಅದ್ದಿದರೂ ರುಚಿ ಬಿಡುವುದಿಲ್ಲ ಎಂದು ಎಲ್ಲ ಕಡೆ ಓದುತ್ತೇನೆ. ದೋಷ ಸಮುದ್ರದ ನೀರನ್ನು ಸಿಹಿ ಮಾಡಿದ್ದರಲ್ಲೋ, ಬ್ಯಾಗಿನಲ್ಲೋ? ಮಧ್ಯಾಹ್ನದ ಟೀ ಟಿಕೆಟ್ ಹಣದಲ್ಲೇ ಸೇರಿರುತ್ತದಾ, ಮೊದಲೇ ಜಾಗ ಹಿಡಿಯಬೇಕಾ? ಅದನ್ನೇ ಕೆಲವರು ‘ಹೈ ಟೀ’ ಅನ್ನುತ್ತಾರೆ, ಎರಡೂ ಒಂದೇನಾ? ಮೀನು, ಮಾಂಸ, ಜೆಲಟಿನ್ ಬೇಡ, ಮೊಟ್ಟೆ ಪರವಾಗಿಲ್ಲ. ಹಾಗಿದ್ದರೆ ತಟ್ಟೆಯಲ್ಲಿ ಏನು ಉಳಿಯುತ್ತದೆ? ಕೊನೆಯದಾಗಿ, 4 ಗಂಟೆಗೆ ಟೀ ಕುಡಿದು ರಾತ್ರಿ ನಿದ್ದೆ ಕೆಡದ ಹಾಗೆ ಏನನ್ನು ಆರಿಸಿಕೊಳ್ಳಬಹುದು?


ಎಲೆಪುಡಿ

ಬಫೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ದೋಷ ಬ್ಯಾಗಿನದೂ ಅಲ್ಲ, ಸಮುದ್ರದ್ದೂ ಅಲ್ಲ. ಬಿಸಿ ಸಾಲದು, ಅಷ್ಟೇ.

ಕಪ್ಪು ಟೀ ಎಲೆ ಚೆನ್ನಾಗಿ ಬಿಡಬೇಕಾದರೆ ನೀರು 95ರಿಂದ 100 ಡಿಗ್ರಿ ಸೆಲ್ಸಿಯಸ್ ಇರಬೇಕು, 3ರಿಂದ 5 ನಿಮಿಷ ಆ ಬಿಸಿಯ ಹತ್ತಿರವೇ ನಿಲ್ಲಬೇಕು. ಬಫೆಯ ನಲ್ಲಿಯಿಂದ ಬರುವ ನೀರು ಕುದಿಯುವ ನೀರಲ್ಲ. ಓಲಾಡುವ ನೆಲದ ಮೇಲೆ ತುಂಬಿದ ಲೋಟ ಹಿಡಿದು ನಡೆಯುವವರ ಕೈ ಸುಡಬಾರದೆಂದು ಬಿಸಿಯನ್ನು ತಗ್ಗಿಸಿಟ್ಟಿರುತ್ತಾರೆ. ಸಾಲಿನಲ್ಲಿ ಜನ ಒಬ್ಬರ ಹಿಂದೊಬ್ಬರು ನೀರು ಹಿಡಿಯುವಾಗ ಯಂತ್ರದೊಳಗೆ ತಣ್ಣೀರು ಸೇರಿಕೊಳ್ಳುತ್ತ ಅದು ಇನ್ನೂ ಇಳಿಯುತ್ತದೆ. ವಿಮಾನದಲ್ಲಿ ಟೀ ಸಪ್ಪೆಯಾಗುವುದಕ್ಕೆ ಒತ್ತಡ ಕಾರಣ, ಒಳಗಿನ ಗಾಳಿ ತೆಳುವಾಗಿದ್ದು ನೀರು ಕುದಿಯುವುದೇ 100ಕ್ಕಿಂತ ಕೆಳಗೆ. ಹಡಗಿಗೆ ಆ ನೆಪ ಇಲ್ಲ. ಸಮುದ್ರಮಟ್ಟದಲ್ಲಿ ನೀರು ಸರಿಯಾಗಿ 100ಕ್ಕೇ ಕುದಿಯುತ್ತದೆ. ಆ ಕುದಿನೀರು ಸಿಗುವ ಜಾಗದಿಂದ ತರಿಸಿಕೊಳ್ಳಬೇಕು.

ಇನ್ನೊಂದು ಕಳ್ಳ ಲೋಟವೇ. ಲೆಕ್ಕ ಹಾಕಿ ನೋಡಿ. 300 ಗ್ರಾಂ ತೂಕದ ದಪ್ಪ ಪಿಂಗಾಣಿ ಮಗ್, 22 ಡಿಗ್ರಿಯಲ್ಲಿದೆ. ಅದಕ್ಕೆ 90 ಡಿಗ್ರಿಯ 200 ಮಿಲಿ ನೀರು ಸುರಿದರೆ, ಮಗ್ಗಿನ ಗೋಡೆ ಬಿಸಿ ಹೀರಿಕೊಂಡು ಮುಗಿಯುವಷ್ಟರಲ್ಲಿ ನೀರು 75ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಅದು ಹಸಿರು ಟೀಗೆ ಹೇಳಿದ ಬಿಸಿ, ಕಪ್ಪು ಟೀಗಲ್ಲ. ಅದೇ ಮಗ್ಗನ್ನು ಮೊದಲು ಬಿಸಿನೀರಿನಿಂದ ಕಾಯಿಸಿ 60 ಡಿಗ್ರಿಗೆ ತಂದಿಟ್ಟರೆ ನೀರು 83ರ ಹತ್ತಿರ ನಿಲ್ಲುತ್ತದೆ. ಎಂಟು ಡಿಗ್ರಿ ವ್ಯತ್ಯಾಸ ನಾಲಗೆಗೆ ಖಂಡಿತ ಗೊತ್ತಾಗುತ್ತದೆ.

ಹಾಗಾಗಿ ಬಫೆಯಲ್ಲೇ ಮಾಡಿಕೊಳ್ಳುವುದಾದರೆ ಹೀಗೆ: ಮಗ್ ತುಂಬ ಬಿಸಿನೀರು ಹಿಡಿದು ಅರ್ಧ ನಿಮಿಷ ಬಿಟ್ಟು ಚೆಲ್ಲಿ. ಬ್ಯಾಗನ್ನು ಖಾಲಿ ಮಗ್ಗಿಗೆ ಹಾಕಿ, ಅದರ ಮೇಲೆ ನೀರು ಬೀಳುವ ಹಾಗೆ ಹಿಡಿಯಿರಿ. ನೀರು ಹಿಡಿದು ಮೇಜಿಗೆ ಹೋಗಿ ಕೂತು ಆಮೇಲೆ ಬ್ಯಾಗ್ ಬಿಡುವ ಅಭ್ಯಾಸವೇ ಅರ್ಧ ಬಿಸಿಯನ್ನು ತಿನ್ನುತ್ತದೆ. ಮೇಲೆ ಸಾಸರ್ ಮುಚ್ಚಿ. ಪೂರ್ತಿ 5 ನಿಮಿಷ ಬಿಡಿ, ನೀರು ತಣ್ಣಗಿದ್ದಾಗ ಸಮಯ ಹೆಚ್ಚು ಕೊಡಲೇಬೇಕು. ಗಟ್ಟಿಯಾಗಿ ಬೇಕೆಂದರೆ ಇನ್ನೊಂದು ಬ್ಯಾಗ್ ಹಾಕಿ, ಸಮಯ ಇನ್ನೂ ಎಳೆಯಬೇಡಿ. ಚಮಚದಿಂದ ಒತ್ತಿ ಹಿಂಡುವುದರಿಂದ ಬರುವುದು ಹೆಚ್ಚಾಗಿ ಒಗರು.

ಹಾಲನ್ನು ಬ್ಯಾಗ್ ತೆಗೆದ ಮೇಲೆಯೇ ಹಾಕಿ. ಬ್ಯಾಗ್ ಇರುವಾಗಲೇ ತಣ್ಣನೆ ಹಾಲು ಬಿದ್ದರೆ ಬಿಸಿ ಇನ್ನೂ ಕುಸಿದು ಎಲೆ ಬಿಡುವುದು ನಿಧಾನವಾಗುತ್ತದೆ. 200 ಮಿಲಿಗೆ 20 ಮಿಲಿ ಹಾಲು, ಅಂದರೆ ಒಂದೂಕಾಲು ದೊಡ್ಡ ಚಮಚ, ಸಾಕು. ಯಂತ್ರದ ಪಕ್ಕ ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಇಟ್ಟಿರುವುದು ಹಲವು ಸಲ ಹಾಲಲ್ಲ, ಎಣ್ಣೆ ಮತ್ತು ಸಕ್ಕರೆಯ ಕ್ರೀಮರ್. ಟೀಯ ಮೇಲೆ ಜಿಡ್ಡಿನ ಪದರ ಕಟ್ಟಿ ರುಚಿ ಮುಚ್ಚಿಹಾಕುತ್ತದೆ. ಬೆಳಗಿನ ಸೀರಿಯಲ್ ಇಡುವ ಜಾಗದಲ್ಲಿ ತಣ್ಣನೆ ಹಾಲಿನ ಜಗ್ ಇರುತ್ತದೆ, ಅದನ್ನು ತೆಗೆದುಕೊಳ್ಳಿ. ದೀರ್ಘ ಪ್ರಯಾಣದಲ್ಲಿ ಅದು ಯುಎಚ್‌ಟಿ ಹಾಲು (ಬಹುಕಾಲ ಕೆಡದಂತೆ ಅತಿ ಬಿಸಿ ಮಾಡಿ ಪೊಟ್ಟಣ ಕಟ್ಟಿದ್ದು) ಆಗಿರಬಹುದು, ಬೇಯಿಸಿದಂಥ ಸಣ್ಣ ಸಿಹಿ ವಾಸನೆ ಇರುತ್ತದೆ. ಅಸ್ಸಾಂನಂಥ ದಪ್ಪ ಟೀ ಅದನ್ನು ತಡೆದುಕೊಳ್ಳುತ್ತದೆ, ಡಾರ್ಜಿಲಿಂಗ್‌ಗೆ ಅದು ಬೇಡ.

ಸಮುದ್ರದ ನೀರಿನ ಅನುಮಾನಕ್ಕೆ ಬರುತ್ತೇನೆ. ದೊಡ್ಡ ಹಡಗುಗಳು ಎಂಜಿನ್ನಿನ ವ್ಯರ್ಥ ಬಿಸಿಯಿಂದ, ಕಡಿಮೆ ಒತ್ತಡದಲ್ಲಿ ಸಮುದ್ರದ ನೀರನ್ನು ಆವಿ ಮಾಡಿ ಇಳಿಸುತ್ತವೆ, ಅಥವಾ ರಿವರ್ಸ್ ಆಸ್ಮೋಸಿಸ್‌ನಲ್ಲಿ ಸೋಸುತ್ತವೆ. ಹಾಗೆ ಬಂದ ನೀರಿನಲ್ಲಿ ಖನಿಜ ಬಹಳ ಕಡಿಮೆ. ಕೊಳವೆಗಳನ್ನು ಅದು ತಿನ್ನಬಾರದೆಂದು ಸುಣ್ಣದ ಕಲ್ಲಿನ ಹರಳುಗಳ ಮೂಲಕ ಹಾಯಿಸಿ ಸ್ವಲ್ಪ ಗಡಸು ಮಾಡಿ, ಕ್ಲೋರಿನ್ ಸೇರಿಸುತ್ತಾರೆ. ಒಟ್ಟಿನಲ್ಲಿ ಅದು ಮೆದು ನೀರು, ಟೀಗೆ ಒಳ್ಳೆಯದೇ. ಬಣ್ಣ ಸ್ವಚ್ಛವಾಗಿ ಬರುತ್ತದೆ, ಮೇಲೆ ಪೊರೆ ಕಟ್ಟುವುದಿಲ್ಲ. ಬಂದರಿನಲ್ಲಿ ನೀರು ತುಂಬಿಸಿಕೊಂಡ ಮೇಲೆ ಒಮ್ಮೊಮ್ಮೆ ಕಂದು ಪೊರೆ ಕಾಣಿಸುತ್ತದೆ, ಅದು ಗಡಸು ನೀರಿನ ಕ್ಯಾಲ್ಸಿಯಂ ಟೀಯ ಒಗರಿನ ಜತೆ ಸೇರಿದ್ದು. ಹಾಲಿಲ್ಲದ ಟೀ ಆದರೆ ನಿಂಬೆಯ ಎರಡು ಹನಿ ಹಾಕಿ, ಪೊರೆ ಕರಗುತ್ತದೆ.

ಕ್ಲೋರಿನ್ ವಾಸನೆ ಮಾತ್ರ ನಿಜವಾದ ತೊಂದರೆ. ಅಮೆರಿಕದ ಬಂದರುಗಳಿಗೆ ಬರುವ ಪ್ರಯಾಣಿಕ ಹಡಗುಗಳಿಗೆ ಅಲ್ಲಿನ ರೋಗನಿಯಂತ್ರಣ ಸಂಸ್ಥೆ ಸಿಡಿಸಿಯ ನೈರ್ಮಲ್ಯ ನಿಯಮ ಅನ್ವಯಿಸುತ್ತದೆ. ನಲ್ಲಿಯ ಕೊನೆಯವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಲೇಬೇಕು, 5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ವಾಸನೆ ಬಹಳಷ್ಟು ಹೋಗುತ್ತದೆ. 85–90ಕ್ಕೆ ಬಿಸಿಯಾಗಿ ಮುಚ್ಚಿದ ಯಂತ್ರದಿಂದ ನೇರ ಬಂದ ನೀರಿನಲ್ಲಿ ಅದು ಉಳಿದುಕೊಂಡಿರಬಹುದು. ಹಸಿರು ಮತ್ತು ಬಿಳಿ ಟೀಗಳಲ್ಲಿ ಬೇಗ ಗೊತ್ತಾಗುತ್ತದೆ.


ಮಧ್ಯಡೆಕ್

ಎಲೆಪುಡಿ ಅವರು ಬಫೆಯನ್ನು ಸರಿಮಾಡುವ ದಾರಿ ಹೇಳಿದರು. ನನ್ನ ಸಲಹೆ, ಮಧ್ಯಾಹ್ನ ಬಫೆಗೆ ಹೋಗಲೇಬೇಡಿ. ಕೂತಲ್ಲಿಗೆ ಟೀಪಾಟ್ ತಂದುಕೊಡುವ ಕಡೆ ಹೋಗಿ, ಅಲ್ಲಿಗೆ ನೀರು ಅಡುಗೆಮನೆಯಿಂದ ಬರುತ್ತದೆ.

ಕ್ವೀನ್ ಮೇರಿ 2ರಲ್ಲಿ ಅದು ಕ್ವೀನ್ಸ್ ರೂಮ್, ಹಡಗಿನ ಬಾಲ್‌ರೂಮ್, ಅಂದರೆ ನೃತ್ಯದ ಹಾಲ್. ದಿನವೂ ಮಧ್ಯಾಹ್ನ 3.30ಕ್ಕೆ ಶುರು, ಸುಮಾರು ಒಂದು ಗಂಟೆ. ಬಿಳಿ ಕೈಗವಸಿನ ವೇಟರ್‌ಗಳು ಬಡಿಸುತ್ತಾರೆ, ವಾದ್ಯದವರು ನುಡಿಸುತ್ತಿರುತ್ತಾರೆ. ಟಿಕೆಟ್ ಹಣದಲ್ಲೇ ಸೇರಿದೆ. ಶಾಂಪೇನ್ ಜತೆಗಿನದು ಬೇಕೆಂದರೆ ಅದಕ್ಕೆ ಬೇರೆ ಹಣ. ಹಗಲಿನ ಸಾಮಾನ್ಯ ಉಡುಪು ಸಾಕು, ಈಜುಡುಗೆ ಅಥವಾ ಬಾತ್‌ರೋಬ್‌ನಲ್ಲಿ ಮಾತ್ರ ಹೋಗುವಂತಿಲ್ಲ.

ಜಾಗದ ವಿಷಯ: ಅಟ್ಲಾಂಟಿಕ್ ದಾಟುವಾಗ ನಡುವೆ ಬಂದರೇ ಇಲ್ಲ. ಅಂದರೆ ಹಡಗಿನಲ್ಲಿರುವ ಎಲ್ಲರೂ ಪ್ರತಿ ಮಧ್ಯಾಹ್ನ ಹಡಗಿನಲ್ಲೇ ಇರುತ್ತಾರೆ. ಮೊದಲೆರಡು ದಿನ ಎಲ್ಲರಿಗೂ ಒಮ್ಮೆ ನೋಡುವ ಆಸೆ, ಆಗ ನೂಕುನುಗ್ಗಲು. 3.10ಕ್ಕೇ ಹೋಗಿ ಕೂತರೆ ಕಿಟಕಿ ಬದಿ ಸಿಗಬಹುದು. ಇಬ್ಬರೇ ಇದ್ದರೆ ಬೇರೆಯವರ ಜತೆ ಮೇಜು ಹಂಚಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿದರೆ ಬೇಗ ಕೂರಿಸುತ್ತಾರೆ. ವೇಟರ್‌ಗಳು ಬರುವ ಬಾಗಿಲಿನ ಹತ್ತಿರದ ಮೇಜಿಗೆ ತಟ್ಟೆ ಮೊದಲು ಬರುತ್ತದೆ, ಸ್ಕೋನ್ (ಬನ್ನಿನಂಥ ಬ್ರಿಟಿಷ್ ತಿನಿಸು) ಬೆಚ್ಚಗೆ ಸಿಗುವುದು ಅಲ್ಲೇ. ವಾದ್ಯವೇದಿಕೆಯ ಪಕ್ಕ ಕೂತರೆ ಮಾತು ಕೇಳಿಸುವುದಿಲ್ಲ.

ನೀವು ಪೂರ್ವಕ್ಕೆ ಹೋಗುತ್ತಿರುವುದರಿಂದ ಒಂದು ಮುಖ್ಯ ಸಂಗತಿ. ನ್ಯೂಯಾರ್ಕ್‌ಗೂ ಸೌತಾಂಪ್ಟನ್‌ಗೂ ಸಾಮಾನ್ಯವಾಗಿ 5 ಗಂಟೆ ವ್ಯತ್ಯಾಸ. ಅದನ್ನು ಐದು ದಿನಗಳಲ್ಲಿ ಒಂದೊಂದು ಗಂಟೆಯಂತೆ ಮುಂದಿಡುತ್ತಾರೆ. ಕ್ವೀನ್ ಮೇರಿ 2ರಲ್ಲಿ ಪೂರ್ವಕ್ಕೆ ಹೋಗುವಾಗ ಇದನ್ನು ಮಾಡುವುದು ಮಧ್ಯಾಹ್ನ 12ಕ್ಕೆ, ಗಡಿಯಾರ ನೇರ 1 ಗಂಟೆಗೆ ಹಾರುತ್ತದೆ. ಆ ದಿನಗಳಲ್ಲಿ 12ಕ್ಕೂ 3.30ಕ್ಕೂ ನಡುವೆ ಇರುವುದು ಎರಡೂವರೆ ಗಂಟೆ ಮಾತ್ರ. ಹೊಟ್ಟೆ ತುಂಬ ಊಟ ಮಾಡಿ ಹೋದರೆ ಟೀಯ ತಿಂಡಿ ಮುಟ್ಟಲೂ ಆಗುವುದಿಲ್ಲ. ತಡವಾಗಿ ಬೆಳಗಿನ ತಿಂಡಿ ತಿಂದು, ಊಟ ಬಿಟ್ಟು ನೇರ ಟೀಗೆ ಹೋಗುವುದು ಆ ಐದು ದಿನಗಳಿಗೆ ಸರಿಹೊಂದುವ ಕ್ರಮ. ಪಶ್ಚಿಮಕ್ಕೆ ಹೋಗುವಾಗ ಗಂಟೆ ರಾತ್ರಿ ಸಿಗುತ್ತದೆ, ಈ ತೊಂದರೆ ಇಲ್ಲ.

ಬೇರೆ ಹಡಗುಗಳು ಒಂದೇ ರೀತಿ ಇಲ್ಲ. ಓಷಿಯಾನಿಯಾ ಕಂಪನಿಯ ಹಡಗುಗಳಲ್ಲಿ ಸಂಜೆ 4ಕ್ಕೆ ಹೊರೈಜನ್ಸ್ ಲೌಂಜ್‌ನಲ್ಲಿ, ವೈಕಿಂಗ್‌ನ ಸಮುದ್ರದ ಹಡಗುಗಳಲ್ಲಿ ವಿಂಟರ್‌ಗಾರ್ಡನ್‌ನಲ್ಲಿ, ಎರಡೂ ಟಿಕೆಟ್ಟಿನಲ್ಲಿ ಸೇರಿದ್ದು. ಪಿ ಅಂಡ್ ಒ ಹಡಗುಗಳ ಎಪಿಕ್ಯೂರಿಯನ್ ರೆಸ್ಟೊರೆಂಟ್‌ನಲ್ಲಿ ಕೊಡುವ ಟೀಗೆ ಬೇರೆ ಹಣ ಕೊಡಬೇಕು. ಕುಟುಂಬಗಳಿಗೆಂದು ಕಟ್ಟಿದ ದೊಡ್ಡ ಹಡಗುಗಳಲ್ಲಿ ಹಲವು ಕಡೆ ದಿನವೂ ಇರುವುದಿಲ್ಲ, ಸಮುದ್ರದ ಮೇಲೇ ಕಳೆಯುವ ದಿನ ಮಾತ್ರ ಊಟದ ಹಾಲ್‌ನಲ್ಲಿ ಇಡುತ್ತಾರೆ. ನಿಮ್ಮ ಎರಡನೆಯ ಪ್ರಯಾಣಕ್ಕೆ ಹತ್ತಿದ ದಿನವೇ ಊಟದ ಹಾಲ್‌ನ ಮುಖ್ಯ ವೇಟರನ್ನು ಮೂರು ಪ್ರಶ್ನೆ ಕೇಳಿ: ಯಾವ ದಿನ, ಎಲ್ಲಿ, ಕಾಯ್ದಿರಿಸಬೇಕೇ. ಆ್ಯಪ್‌ನಲ್ಲಿ ಒಂದು ದಿನ ಮೊದಲು ಮಾತ್ರ ಕಾಣಿಸಿದರೆ ಅಷ್ಟರಲ್ಲಿ ಜಾಗ ತುಂಬಿರಬಹುದು.

ಹೆಸರಿನ ಗೊಂದಲ ಚಿಕ್ಕದು. ಸ್ಯಾಂಡ್‌ವಿಚ್, ಸ್ಕೋನ್, ಕೇಕ್ ಜತೆಗೆ 3.30–4ಕ್ಕೆ ಕುಡಿಯುವುದು ಆಫ್ಟರ್‌ನೂನ್ ಟೀ. 1840ರ ಸುಮಾರಿಗೆ ಬೆಡ್‌ಫೋರ್ಡ್‌ನ ಡಚೆಸ್ ಆನಾ ಮಧ್ಯಾಹ್ನದ ಊಟಕ್ಕೂ ತಡವಾಗಿ ಮಾಡುತ್ತಿದ್ದ ರಾತ್ರಿಯ ಭೋಜನಕ್ಕೂ ನಡುವಿನ ಹಸಿವಿಗೆ ಶುರು ಮಾಡಿದರೆಂದು ಹೇಳುವುದು ಇದನ್ನೇ. ಹೈ ಟೀ ಎಂದರೆ ಬ್ರಿಟನ್ನಿನ ದುಡಿಯುವ ಜನ ಸಂಜೆ ಮನೆಗೆ ಬಂದು ಎತ್ತರದ ಊಟದ ಮೇಜಿನಲ್ಲಿ ಮಾಡುತ್ತಿದ್ದ ಭಾರಿ ಊಟ. ಹಡಗಿನ ಕಾಗದದಲ್ಲಿ ಏನೇ ಬರೆದಿದ್ದರೂ ಸಿಗುವುದು ಮೊದಲನೆಯದೇ.


ದೂರತೀರ

12 ಗಂಟೆಗೆ ಗಡಿಯಾರ ಹಾರುವ ವಿಷಯ ಗೊತ್ತೇ ಇರಲಿಲ್ಲ, ಇಬ್ಬರಿಗೂ ಧನ್ಯವಾದ. ಬಫೆಯ ಯಂತ್ರದ ಬಿಸಿ ಸಾಲದಿದ್ದರೆ ಮಡಚುವ ಚಿಕ್ಕ ಪ್ರಯಾಣದ ಕೆಟಲ್ ತೆಗೆದುಕೊಂಡು ಹೋಗಬಹುದಲ್ಲವೇ? ಟೀ ಬ್ಯಾಗ್ ನಮ್ಮದೇ ಒಯ್ದರೆ ಆಕ್ಷೇಪ ಇದೆಯೇ?


ಪ್ಲಗ್‌ಪಾಯಿಂಟ್

ಕೆಟಲ್ ಬೇಡ. ಕಾಯುವ ಸುರುಳಿ ಇರುವ ಯಾವ ಸಾಧನವನ್ನೂ ಬಹುತೇಕ ಎಲ್ಲ ಕ್ರೂಸ್ ಕಂಪನಿಗಳು ಬಿಡುವುದಿಲ್ಲ: ಕೆಟಲ್, ನೀರಿಗೆ ಇಳಿಬಿಡುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಕಾಫಿ ಯಂತ್ರ. ಹತ್ತುವಾಗ ಎಕ್ಸ್-ರೇಯಲ್ಲಿ ಕಂಡರೆ ತೆಗೆದಿಟ್ಟುಕೊಂಡು ಇಳಿಯುವ ದಿನ ಕೊಡುತ್ತಾರೆ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ಕ್ಯಾಬಿನ್ನಿನ ಮೇಜು ಕಿರಿದು, ಹಡಗು ವಾಲಿದಾಗ ಕೆಟಲ್ ಜಾರುತ್ತದೆ, ನೀರು ಆರಿದ ಮೇಲೂ ಕಾಯುತ್ತಿದ್ದರೆ ಹಾಸಿಗೆಬಟ್ಟೆ ಪಕ್ಕದಲ್ಲೇ ಇದೆ.

ನಿಯಮ ಬದಿಗಿಟ್ಟರೂ ಕೆಲಸ ಆಗುವುದು ಅನುಮಾನ. ಅನೇಕ ಕ್ಯಾಬಿನ್ನುಗಳ ಸಾಕೆಟ್ 110 ವೋಲ್ಟಿನದು. 230 ವೋಲ್ಟಿನ ಕೆಟಲನ್ನು ಅದಕ್ಕೆ ಚುಚ್ಚಿದರೆ ಸಿಗುವ ಶಕ್ತಿ ಕಾಲು ಭಾಗಕ್ಕಿಂತಲೂ ಕಡಿಮೆ, ವೋಲ್ಟೇಜ್ ಅರ್ಧವಾದರೆ ಬಿಸಿ ಕಾಲಾಗುತ್ತದೆ. ನೀರು ಬೆಚ್ಚಗಾಗುತ್ತ ಕೂರುತ್ತದೆ, ಕುದಿಯಲು ಬಹಳ ಹೊತ್ತು ಬೇಕು.

ಕ್ಯುನಾರ್ಡ್ (ಕ್ವೀನ್ ಮೇರಿ 2 ಹಡಗಿನ ಕಂಪನಿ), ಪಿ ಅಂಡ್ ಒದಂಥ ಬ್ರಿಟಿಷ್ ಕಂಪನಿಗಳ ಹಡಗುಗಳಲ್ಲಿ ಕ್ಯಾಬಿನ್ನಿನಲ್ಲೇ ಕೆಟಲ್ ಇರುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಯಾಣಕ್ಕೆ ಈ ಚಿಂತೆಯೇ ಇಲ್ಲ. ತಣ್ಣೀರಿನ ನಲ್ಲಿಯಿಂದ ತುಂಬಿ. ಬಿಸಿನೀರಿನ ನಲ್ಲಿಯದು ಕೊಳವೆಗಳಲ್ಲಿ ಸುತ್ತುತ್ತ ಇದ್ದ ನೀರು, ಲೋಹದ ರುಚಿ ಹಿಡಿದಿರಬಹುದು. ಬೆಳಿಗ್ಗೆ ಮೊದಲ ಸಲ ಅರ್ಧ ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಿರಿ. ಒಮ್ಮೆ ಕುದಿಸಿ ಆರಿದ ನೀರನ್ನೇ ಮತ್ತೆ ಮತ್ತೆ ಕುದಿಸದೆ ಹೊಸದು ತುಂಬಿ.

ಎರಡನೆಯ ಹಡಗಿನಲ್ಲಿ ಕೆಟಲ್ ಇಲ್ಲದಿದ್ದರೆ ಒಳ್ಳೆಯ ಥರ್ಮಾಸ್ ಒಯ್ಯಿರಿ. ಅದನ್ನು ಯಂತ್ರದ ನಲ್ಲಿಯ ಕೆಳಗೆ ಹಿಡಿಯುವುದಕ್ಕೆ ಬಿಡುವುದಿಲ್ಲ. ಬಾಯಿಗಿಟ್ಟ ಫ್ಲಾಸ್ಕಿನ ಕತ್ತು ನಲ್ಲಿಗೆ ತಾಕಿದರೆ ವಾಂತಿಭೇದಿಯ ನೊರೋವೈರಸ್ ನೂರಾರು ಜನಕ್ಕೆ ಹರಡುವ ದಾರಿಯಾಗುತ್ತದೆ, ನಿಯಮಕ್ಕೆ ಅರ್ಥ ಇದೆ. ತೊಳೆದ ಮಗ್ಗಿನಲ್ಲಿ ಹಿಡಿದು ಫ್ಲಾಸ್ಕಿಗೆ ಸುರಿದುಕೊಳ್ಳಿ, ಇಲ್ಲವೇ ಬಾರ್‌ನವರನ್ನು ಕೇಳಿ. ಎಸ್‌ಪ್ರೆಸೊ ಯಂತ್ರದ ಬದಿಯ ಬಿಸಿನೀರಿನ ಕೊಳವೆಯಿಂದ ಬರುವುದು ಬಫೆಯದಕ್ಕಿಂತ ಹೆಚ್ಚು ಬಿಸಿ. ‘ಟೀಗೆ ಕುದಿನೀರು, ಬ್ಯಾಗ್ ಬೇರೆ ಕೊಡಿ’ ಎಂದು ಕೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ನಿಮ್ಮ ಟೀ ಬ್ಯಾಗ್ ಒಯ್ಯುವುದಕ್ಕೆ ತೊಂದರೆ ಇಲ್ಲ. ಮೂಲ ಪೊಟ್ಟಣದಲ್ಲೇ, ಒಡೆಯದೆ ಇರಲಿ. ಹಡಗಿನಿಂದ ಇಳಿಯುವಾಗ ಮಾತ್ರ ಎಚ್ಚರ: ಆಸ್ಟ್ರೇಲಿಯ, ನ್ಯೂಜಿಲೆಂಡ್ ಕಡೆ ಜೈವಿಕ ಭದ್ರತೆಯ ತಪಾಸಣೆ ಬಿಗಿ. ಟೀ ಸಮಯದಲ್ಲಿ ಉಳಿದ ಸ್ಯಾಂಡ್‌ವಿಚ್, ಹಣ್ಣು ಚೀಲದಲ್ಲಿ ಸಿಕ್ಕರೆ ದಂಡ.

ಕ್ಯಾಬಿನ್ನಿನ ಚಿಕ್ಕ ಫ್ರಿಜ್ ನಂಬಿ ಹಾಲು ಇಡಬೇಡಿ. ಬಹಳಷ್ಟು ಕಡೆ ಅದು ಪಾನೀಯ ತಂಪಾಗಿಡುವ ಪೆಟ್ಟಿಗೆ ಮಾತ್ರ, 5 ಡಿಗ್ರಿಗೆ ಇಳಿಯುವ ಖಾತ್ರಿ ಇಲ್ಲ.


ಗ್ಯಾಲಿಬಾಗಿಲು

ತಿಂಡಿಯ ಬಗ್ಗೆ. ಮೂರಂತಸ್ತಿನ ಸ್ಟ್ಯಾಂಡ್ ಬಂದರೆ ಕೆಳಗೆ ಸ್ಯಾಂಡ್‌ವಿಚ್, ನಡುವೆ ಸ್ಕೋನ್, ಮೇಲೆ ಸಿಹಿ. ಕೆಳಗಿನಿಂದ ಮೇಲಕ್ಕೆ ತಿನ್ನುತ್ತಾರೆ. ಕ್ವೀನ್ಸ್ ರೂಮ್‌ನಲ್ಲಿ ಸ್ಟ್ಯಾಂಡ್ ಬದಲು ವೇಟರ್‌ಗಳು ಒಂದಾದ ಮೇಲೊಂದು ತಟ್ಟೆ ಹಿಡಿದು ಮೇಜಿಂದ ಮೇಜಿಗೆ ಬರುತ್ತಾರೆ. ಮೊದಲ ಸುತ್ತಿನಲ್ಲೇ ತಟ್ಟೆ ತುಂಬಿಕೊಳ್ಳುವುದು ತಪ್ಪು, ಅದೇ ತಟ್ಟೆ ಮತ್ತೆ ಬರುತ್ತದೆ.

ಮೀನು, ಮಾಂಸ, ಜೆಲಟಿನ್ ಬೇಡದವರಿಗೆ ಸುಲಭವಾಗಿ ಉಳಿಯುವುದು ಸೌತೆಕಾಯಿ ಸ್ಯಾಂಡ್‌ವಿಚ್, ಮೊಟ್ಟೆ ಮತ್ತು ಮೇಯೊನೇಸ್, ಚೀಸ್, ಸಾದಾ ಮತ್ತು ಒಣದ್ರಾಕ್ಷಿ ಸ್ಕೋನ್, ಸ್ಪಂಜ್ ಕೇಕ್, ಶಾರ್ಟ್‌ಬ್ರೆಡ್. ನೋಡಲು ನಿರಪಾಯವಾಗಿ ಕಾಣುವ ಸಿಹಿಗಳಲ್ಲೇ ಜೆಲಟಿನ್ ಅಡಗಿರುತ್ತದೆ. ಚಿಕ್ಕ ಗಾಜಿನ ಲೋಟದಲ್ಲಿ ಬರುವ ಮೂಸ್, ಪನ್ನಾಕೋಟಾ, ಹಣ್ಣಿನ ಟಾರ್ಟ್ ಮೇಲಿನ ಹೊಳೆಯುವ ಲೇಪ, ಮಾರ್ಶ್‌ಮ್ಯಾಲೊ: ಈ ನಾಲ್ಕನ್ನು ಕೇಳದೆ ಮುಟ್ಟಬೇಡಿ. ಮದ್ಯ ಬೇಡದಿದ್ದರೆ ಟ್ರೈಫಲ್ ಮತ್ತು ರಮ್ಮಿನಲ್ಲಿ ನೆನೆಸಿದ ಕೇಕ್ ಬಿಡಿ.

ತಟ್ಟೆಯ ಮೇಲೆ ಸೌತೆಕಾಯಿಯದೂ ಸಾಲ್ಮನ್ನಿನದೂ ಅಕ್ಕಪಕ್ಕ ಕೂತಿರುತ್ತವೆ, ಒಂದೇ ಚಿಮುಟದಿಂದ ಎತ್ತುತ್ತಾರೆ. ಅದು ಒಪ್ಪದಿದ್ದರೆ ಸ್ಥಳದಲ್ಲಿ ಹೇಳಿ ಪ್ರಯೋಜನ ಇಲ್ಲ, ಆ ಸ್ಯಾಂಡ್‌ವಿಚ್‌ಗಳು ಗಂಟೆಗಳ ಹಿಂದೆಯೇ ಕತ್ತರಿಸಿ ಒದ್ದೆ ಬಟ್ಟೆ ಮುಚ್ಚಿಟ್ಟವು. ಹಿಂದಿನ ರಾತ್ರಿ ಊಟದಲ್ಲಿ ಮುಖ್ಯ ವೇಟರ್‌ಗೆ ಹೇಳಿದರೆ ಬೇರೆ ತಟ್ಟೆ ಮಾಡಿಡುತ್ತಾರೆ. ಗ್ಲುಟೆನ್ ಬೇಡದವರೂ ಹೀಗೇ ಮಾಡಬೇಕು. ಕಡಲೆಕಾಯಿ, ಬಾದಾಮಿ ಅಲರ್ಜಿ ಇದ್ದರೆ ಅದನ್ನು ಬುಕಿಂಗ್ ಸಮಯದಲ್ಲೇ ಬರೆಸಿ, ಮಾರ್ಜಿಪಾನ್ ಬಾದಾಮಿಯದೇ ಎಂಬುದು ಹಲವರಿಗೆ ನೆನಪಿರುವುದಿಲ್ಲ.

ಸ್ಕೋನನ್ನು ಚಾಕುವಿನಿಂದ ಕುಯ್ಯದೆ ಕೈಯಿಂದ ನಡುವೆ ಬಿಡಿಸಿ, ಕುಯ್ದರೆ ಒಳಗಿನ ಮೆದು ಭಾಗ ಒತ್ತಿಹೋಗಿ ಹಿಟ್ಟುಹಿಟ್ಟಾಗುತ್ತದೆ. ಜತೆಗೆ ಬರುವ ಕ್ಲಾಟೆಡ್ ಕ್ರೀಮ್ ಕನಿಷ್ಠ 55 ಶೇಕಡ ಕೊಬ್ಬಿನದು, ಬೆಣ್ಣೆಯ ಹತ್ತಿರದ್ದು. ಇಂಗ್ಲೆಂಡಿನ ಡೆವನ್‌ನವರು ಮೊದಲು ಕ್ರೀಮ್ ಆಮೇಲೆ ಜಾಮ್, ಕಾರ್ನ್‌ವಾಲ್‌ನವರು ಮೊದಲು ಜಾಮ್ ಆಮೇಲೆ ಕ್ರೀಮ್ ಹಚ್ಚುತ್ತಾರೆ. ಬೆಚ್ಚಗಿನ ಸ್ಕೋನ್ ಸಿಕ್ಕರೆ ಜಾಮ್ ಮೊದಲು ಹಚ್ಚುವುದೇ ಒಳ್ಳೆಯದು. ಕ್ರೀಮ್ ನೇರ ಬಿಸಿಗೆ ತಾಕಿದರೆ ಕರಗಿ ಎಣ್ಣೆಯಾಗುತ್ತದೆ.

ರಾತ್ರಿ ಊಟದ ಮೊದಲ ಪಾಳಿ 6 ಗಂಟೆಗಿದ್ದರೆ ಟೀಯಲ್ಲಿ ಎರಡು ಸ್ಯಾಂಡ್‌ವಿಚ್ಚು, ಒಂದು ಸ್ಕೋನಿಗೆ ನಿಲ್ಲಿಸಿ. ದಿನವೂ ಟೀಗೆ ಹೋಗುವ ಮನಸ್ಸಿದ್ದರೆ ತಡದ ಪಾಳಿ ಕೇಳಿ ಪಡೆಯಿರಿ.


ಎಲೆಪುಡಿ

ನಿದ್ದೆಯ ಪ್ರಶ್ನೆ ಉಳಿದಿತ್ತು. ಒಂದು ಕಪ್ ಕಪ್ಪು ಟೀಯಲ್ಲಿ ಸುಮಾರು 40ರಿಂದ 70 ಮಿಲಿಗ್ರಾಂ ಕೆಫೀನ್. ದೊಡ್ಡವರ ಮೈಯಲ್ಲಿ ಅದು ಅರ್ಧವಾಗಲು ಸುಮಾರು 5 ಗಂಟೆ. 4ಕ್ಕೆ ಎರಡು ಕಪ್ ಕುಡಿದರೆ ರಾತ್ರಿ 9ಕ್ಕೂ ಒಂದು ಕಪ್ಪಿನಷ್ಟು ಉಳಿದಿರುತ್ತದೆ. ಪೂರ್ವದ ಪ್ರಯಾಣದಲ್ಲಿ ಗಡಿಯಾರದ ರಾತ್ರಿ 11 ಎಂದರೆ ದೇಹಕ್ಕೆ ಇನ್ನೂ ಹಿಂದಿನ ದಿನದ ಗಡಿಯಾರದಂತೆ 10. ಹಾಗಾಗಿ ನಿಮಗೆ ಸಾಮಾನ್ಯಕ್ಕಿಂತ ಹೆಚ್ಚು ತಟ್ಟುತ್ತದೆ. ಮೊದಲ ಕಪ್ ನಿಜವಾದ ಟೀ, ಎರಡನೆಯದು ಬೇರೆ, ಹೀಗೆ ಇಟ್ಟುಕೊಳ್ಳಿ.

ಡಿಕ್ಯಾಫ್ ಬ್ಯಾಗ್ ಕೇಳಿದರೆ ಕೊಡುತ್ತಾರೆ, ಕಪ್ಪಿಗೆ 2ರಿಂದ 5 ಮಿಲಿಗ್ರಾಂ ಮಾತ್ರ ಕೆಫೀನ್. ರುಚಿ ತೆಳು, 5 ನಿಮಿಷ ಬಿಡಿ. ಇನ್ನೂ ಒಳ್ಳೆಯದು ರೂಯಿಬಾಸ್. ಅದು ಟೀ ಗಿಡದ್ದಲ್ಲ, ದಕ್ಷಿಣ ಆಫ್ರಿಕದ ಪೊದೆಯ ಎಲೆ. ಕೆಫೀನ್ ಇಲ್ಲ, ಹಾಲು ಹಿಡಿಯುತ್ತದೆ, ಕುದಿನೀರಿನಲ್ಲಿ 7 ನಿಮಿಷ ಬಿಟ್ಟರೂ ಕಹಿಯಾಗುವುದಿಲ್ಲ. ಕ್ಯಾಮೊಮೈಲ್, ಪುದೀನ ಕೂಡ ಇರುತ್ತವೆ. ಎದೆಯುರಿ ಇರುವವರಿಗೆ ಪುದೀನ ಅದನ್ನು ಹೆಚ್ಚಿಸಬಹುದು.

ಹಸಿರು ಟೀ ಆರಿಸಿಕೊಂಡರೆ ಟೀಪಾಟ್ ಬಂದ ಕೂಡಲೇ ಬ್ಯಾಗ್ ಬಿಡಬೇಡಿ. ಮುಚ್ಚಳ ತೆಗೆದು ನೀರು ಸ್ವಲ್ಪ ಆರಲಿ, 75–80ಕ್ಕೆ ಇಳಿಯಲಿ, 2 ನಿಮಿಷ ಸಾಕು. ಬಫೆಯ ಯಂತ್ರದ ನೀರು ಹೊಂದುವುದು ಇದೊಂದಕ್ಕೇ.

ಏನಿಗೆ ಏನು: ಸೌತೆಕಾಯಿ ಸ್ಯಾಂಡ್‌ವಿಚ್‌ಗೆ ಡಾರ್ಜಿಲಿಂಗ್, ಹಾಲಿಲ್ಲದೆ, 3 ನಿಮಿಷ. ಸ್ಕೋನ್ ಮತ್ತು ಕ್ರೀಮಿಗೆ ಅಸ್ಸಾಂ ಅಥವಾ ಇಂಗ್ಲಿಷ್ ಬ್ರೇಕ್‌ಫಾಸ್ಟ್, 4 ನಿಮಿಷ, ಹಾಲಿನ ಜತೆ. ಅದರ ಒಗರು ಕೊಬ್ಬನ್ನು ನಾಲಗೆಯಿಂದ ತೊಳೆಯುತ್ತದೆ. ಅರ್ಲ್ ಗ್ರೇ ಬರ್ಗಮಾಟ್ ಹಣ್ಣಿನ ಎಣ್ಣೆಯ ವಾಸನೆಯದು, ನಿಂಬೆ ಕೇಕಿಗೆ ಚೆನ್ನ. ನಿಂಬೆಯ ಬಿಲ್ಲೆ ಮತ್ತು ಹಾಲು ಎರಡನ್ನೂ ಒಂದೇ ಕಪ್ಪಿಗೆ ಹಾಕಬೇಡಿ, ಹಾಲು ಒಡೆಯುತ್ತದೆ.

ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಟೀಗೂ ಮಾತ್ರೆಗೂ ಎರಡು ಗಂಟೆ ಅಂತರ ಇಡಬೇಕು, ಟೀಯ ಒಗರು ಕಬ್ಬಿಣ ಮೈಗೆ ಹತ್ತುವುದನ್ನು ತಡೆಯುತ್ತದೆ.


ಮಧ್ಯಡೆಕ್

ಅಟ್ಲಾಂಟಿಕ್ ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ಸಮುದ್ರ ಜೋರಾದ ದಿನವೂ ಟೀ ಸಾಮಾನ್ಯವಾಗಿ ನಿಲ್ಲುವುದಿಲ್ಲ, ರೀತಿ ಬದಲಾಗುತ್ತದೆ. ಎತ್ತರದ ಸ್ಟ್ಯಾಂಡ್ ಮಾಯವಾಗುತ್ತದೆ, ಕಪ್ಪನ್ನು ಮುಕ್ಕಾಲು ಮಾತ್ರ ತುಂಬುತ್ತಾರೆ. ಮೇಜುಬಟ್ಟೆಯನ್ನು ಒದ್ದೆ ಮಾಡಿ ಹಾಸುವುದು ಹಳೆಯ ನಾವಿಕ ಪದ್ಧತಿ, ಪಿಂಗಾಣಿ ಅದರ ಮೇಲೆ ಜಾರುವುದಿಲ್ಲ. ಹಡಗು ಉದ್ದಕ್ಕೆ ಏರಿಳಿಯುವಾಗ ನಡುಭಾಗ ಕಡಿಮೆ ಅಲುಗುತ್ತದೆ, ಮೂತಿಯೂ ಹಿಂಭಾಗವೂ ಹೆಚ್ಚು. ಎಡಬಲ ವಾಲುವಾಗ ಕೆಳಗಿನ ಡೆಕ್ ವಾಸಿ. ಹೊಟ್ಟೆ ತೊಳೆಸುವ ಸ್ವಭಾವ ಇದ್ದರೆ ಮೇಲಿನ ಡೆಕ್ಕಿನ ಲೌಂಜ್‌ಗಿಂತ ಕೆಳಗಿನ ಹಾಲ್ ಆರಿಸಿ, ದಿಗಂತ ಕಾಣುವ ಹಾಗೆ ಕೂರಿ.

ಆ ದಿನ ಖಾಲಿ ಹೊಟ್ಟೆಯಲ್ಲಿ ಗಟ್ಟಿ ಕಪ್ಪು ಟೀ ಬೇಡವೇ ಬೇಡ, ಒಗರಿನಿಂದಲೇ ವಾಕರಿಕೆ ಬರುತ್ತದೆ. ಮೊದಲು ಒಣ ಬಿಸ್ಕತ್ತೋ ಸಾದಾ ಸ್ಕೋನೋ, ಆಮೇಲೆ ಶುಂಠಿ. ಶುಂಠಿಯ ಬ್ಯಾಗ್ ಸಿಗುತ್ತದೆ, ಆದರೆ ಹಸಿ ಶುಂಠಿ ಮೇಲು. ನಾಲ್ಕೈದು ತೆಳು ಬಿಲ್ಲೆ ಬಿಸಿನೀರಿನ ಪಾಟ್‌ನಲ್ಲಿ ಹಾಕಿ ತನ್ನಿ ಎಂದರೆ ಅಡುಗೆಮನೆಯಿಂದ ತರುತ್ತಾರೆ, 10 ನಿಮಿಷ ಮುಚ್ಚಿಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಶುಂಠಿ ಹೆಚ್ಚು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು.


ದೂರತೀರ

ಬಹಳ ಉಪಕಾರವಾಯಿತು. ಕೊನೆಯ ಒಂದು ಸಂಶಯ: ಟೀಪಾಟ್ ಮೇಜಿಗೆ ಬಂದರೆ ಮೊದಲ ಕಪ್ ಚೆನ್ನಾಗಿದ್ದು ಎರಡನೆಯದು ಕಹಿಯಾಗುತ್ತದಲ್ಲ, ಅದಕ್ಕೇನು ಮಾಡುವುದು?


ಎಲೆಪುಡಿ

ಎಲೆ ಪಾಟ್‌ನಲ್ಲೇ ಉಳಿದು ಬಿಡುತ್ತ ಇರುವುದರಿಂದ ಹಾಗಾಗುತ್ತದೆ. ಟೀಪಾಟ್ ಜತೆಗೇ ಒಂದು ಜಗ್ ಕುದಿನೀರು ಮತ್ತು ಒಂದು ಖಾಲಿ ಸಾಸರ್ ಕೇಳಿ. ಬ್ಯಾಗ್ ಆದರೆ 4 ನಿಮಿಷಕ್ಕೆ ತೆಗೆದು ಸಾಸರಿನಲ್ಲಿಡಿ. 400 ಮಿಲಿಯ ಪಾಟ್‌ಗೆ ಎರಡು ಬ್ಯಾಗ್, ಅಂದರೆ 4ರಿಂದ 5 ಗ್ರಾಂ ಎಲೆ, ಸರಿಯಾದ ಅಳತೆ. ಒಂದೇ ಬ್ಯಾಗ್ ಹಾಕಿ ತಂದಿದ್ದರೆ ಇನ್ನೊಂದು ತರಿಸಿ. ಬಿಡಿ ಎಲೆಯಾದರೆ ತೆಗೆಯಲು ಬರುವುದಿಲ್ಲ, ಆಗ ಎರಡನೆಯ ಕಪ್ಪಿಗೆ ಪಾಟ್‌ನಿಂದ ಅರ್ಧ, ಜಗ್‌ನಿಂದ ಅರ್ಧ ಸುರಿದುಕೊಳ್ಳಿ. ಇಬ್ಬರೂ ಒಂದೇ ಬಗೆಯ ಟೀ ಕುಡಿಯುವವರಾದರೆ ಎರಡು ಪಾಟ್ ಒಟ್ಟಿಗೆ ತರಿಸಬೇಡಿ. ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಕೇಳಿ, 3.30ರಿಂದ 4.30ರ ನಡುವೆ ಅದಕ್ಕೆ ಸಮಯ ಇದೆ. ಕೊನೆಯ ಹದಿನೈದು ನಿಮಿಷದಲ್ಲಿ ಕೇಳಿದರೆ ಮಾತ್ರ ಸಿಗುವುದು ಕಷ್ಟ, ಅಷ್ಟು ಹೊತ್ತಿಗೆ ರಾತ್ರಿಯ ನೃತ್ಯಕ್ಕೆ ಮೇಜು ಸರಿಸಲು ತಯಾರಿ ಶುರುವಾಗಿರುತ್ತದೆ.